ಡೊಂಬಿವಲಿ ಕ್ಯಾಂಪಿನ ಪೋಸ್ಟರ್: ಹಳೆ ವಿದ್ಯಾರ್ಥಿ ಗುಂಪಿನಲ್ಲಿ ವಾದ

ಸುಧಾಕರ: (ಫಾರ್ವರ್ಡ್) “ಹಠಾತ್ತಾಗಿ ದೃಷ್ಟಿ ಮಸುಕಾಯಿತೇ? ಕಣ್ಣಿನ ನರದ ಲೇಸರ್ ಸ್ಕ್ಯಾನ್ ಮಾಡಿಸಿ. ರಿಪೋರ್ಟ್ ಹಸಿರಿದ್ದರೆ ನಿಶ್ಚಿಂತೆ.” ಡೊಂಬಿವಲಿಯ ಕಣ್ಣಿನ ಕ್ಯಾಂಪಿನ ಪೋಸ್ಟರಿಗೆ ಇದನ್ನೇ ಹಾಕೋಣವಾ?

ಶೈಲಜಾ: ಬೇಡ ಮಾರಾಯ. ಆ ಕೊನೆ ಸಾಲು ನಂಬಿ ಕೂತವರ ಕಣ್ಣು ಹೋದೀತು. ನರದ ತುದಿಗೆ ರಕ್ತ ಹರಿಯದೆ ಪೆಟ್ಟಾದರೆ ಮೊದಲ ವಾರಗಳಲ್ಲಿ ಡಿಸ್ಕ್ (ಕಣ್ಣೊಳಗೆ ಕಾಣುವ ಆ ನರದ ತುದಿ) ಊದಿಕೊಂಡಿರುತ್ತದೆ. ನರತಂತುಗಳು ಸಾಯುತ್ತಿದ್ದರೂ ಓಸಿಟಿಯಲ್ಲಿ (ಪದರಗಳ ದಪ್ಪ ಅಳೆಯುವ ಬೆಳಕಿನ ಸ್ಕ್ಯಾನ್) ಅವುಗಳ ಪದರ ದಪ್ಪಗೇ ಕಾಣುತ್ತದೆ. ರಿಪೋರ್ಟಿನಲ್ಲಿ ಹಸಿರು (ಸಾಮಾನ್ಯ), ಇಲ್ಲವೇ ಬಿಳಿ (ಸಾಮಾನ್ಯಕ್ಕಿಂತ ದಪ್ಪ).

ಸುಧಾಕರ: ಓಸಿಟಿ ಬಿಡು, ಎಚ್‌ಆರ್‌ಟಿ ಇದೆಯಲ್ಲ? ಡಿಸ್ಕ್ ಸ್ಕ್ಯಾನ್ ಮಾಡುವ ಯಂತ್ರ: 670 ನ್ಯಾನೋಮೀಟರ್ ಲೇಸರ್, ಆಳ ಆಳಕ್ಕೆ ಹಲವು ಚಿತ್ರ ತೆಗೆದು ಮೇಲ್ಮೈಯನ್ನೇ ಅಳೆಯುತ್ತದೆ.

ವಸಂತ: ಅಲ್ಲೇ ಎಡವಟ್ಟಾಗೋದು. ಡಿಸ್ಕಿನ ಅಂಚಿಗೆ ಗೆರೆ ಎಳೆಯುವವನು ಆಪರೇಟರ್. ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಕಡೆ ಆ ಗೆರೆಯ ಎತ್ತರ ಎಷ್ಟೋ, ಅದಕ್ಕಿಂತ 50 ಮೈಕ್ರಾನ್ ಕೆಳಗೆ ಯಂತ್ರ ಸಮತಲ ಇಟ್ಟುಕೊಳ್ಳುತ್ತದೆ. ಮೇಲಿದ್ದದ್ದೆಲ್ಲ ರಿಮ್ (ನರತಂತುಗಳ ಅಂಚು), ಕೆಳಗಿದ್ದದ್ದು ಕಪ್ (ನಡುವಿನ ಗುಳಿ). ಊದಿದ ಡಿಸ್ಕಿಗೆ ಅಂಚೇ ಮಸುಕು, ಗೆರೆ ಎಲ್ಲಿ ಎಳೀತೀಯ? ಊತದ ಜತೆ ಸಮತಲವೂ ಮೇಲೇಳುತ್ತದೆ. ಎಸ್‌ಡಿ (ಚಿತ್ರಗಳ ನಡುವಿನ ವ್ಯತ್ಯಾಸ) 20 ಮೈಕ್ರಾನ್ ಬಂದು ಚಿತ್ರ ಸೊಗಸಾಗಿದ್ದರೂ ರಿಮ್ ಅಂಕಿ ಸುಳ್ಳು.

ಸುಧಾಕರ: ಹಾಗಾದರೆ ಸ್ಕ್ಯಾನೇ ಬೇಡವಾ ವಸಂತಣ್ಣ?

ಶೈಲಜಾ: ಬೇಕು, ಎರಡೂ ಕಣ್ಣಿಗೆ. ಆ ದಿನ ಚೆನ್ನಾಗಿರುವ ಕಣ್ಣೇ ಹೆಚ್ಚು ಹೇಳುವುದು. ಚಿಕ್ಕ ಡಿಸ್ಕ್, ಕಪ್ ಇಲ್ಲದಷ್ಟು ಇಕ್ಕಟ್ಟು ಇದ್ದರೆ ನಾನ್‌-ಆರ್ಟೆರಿಟಿಕ್ (ರಕ್ತನಾಳದ ಉರಿಯೂತವಿಲ್ಲದ ಬಗೆ) ಇರಬಹುದು. ಅಲ್ಲಿ ಕಪ್ ದೊಡ್ಡದಿದ್ದರೆ ಜಯಂಟ್ ಸೆಲ್ (ರಕ್ತನಾಳದ ಉರಿಯೂತದ ಕಾಯಿಲೆ) ಬಗ್ಗೆ ಅನುಮಾನ ಪಡಲೇಬೇಕು.

ಸುಧಾಕರ: ಅದು ನಮ್ಮ ಜನರಲ್ಲಿ ಅಪರೂಪ. ಪೋಸ್ಟರಿನಲ್ಲಿ ಜಾಗ ಎಲ್ಲಿದೆ?

ವಸಂತ: ಅಪರೂಪ ನಿಜ. ಆದರೆ ತಪ್ಪಿದರೆ ಇನ್ನೊಂದು ಕಣ್ಣೂ ದಿನಗಳಲ್ಲೇ ಹೋಗಬಹುದು. 50 ದಾಟಿದವರಿಗೆ ಸ್ಕ್ಯಾನ್ ಕೋಣೆಗೆ ಕಳಿಸುವ ಮೊದಲೇ ಕೇಳಿ: ಹೊಸದಾಗಿ ತಲೆನೋವಾ? ಅಗಿಯುವಾಗ ದವಡೆ ಸೋಲುತ್ತದಾ? ತಲೆ ಬಾಚಿದರೆ ನೋವಾ? ಹೌದು ಅಂದರೆ ಅವತ್ತೇ ತಜ್ಞರ ಹತ್ತಿರ. ಇಎಸ್‌ಆರ್, ಸಿಆರ್‌ಪಿ, ಪ್ಲೇಟ್‌ಲೆಟ್‌ಗೆ (ಉರಿಯೂತ ತೋರುವ ಪರೀಕ್ಷೆಗಳು) ರಕ್ತ ಕೊಟ್ಟು ಸ್ಟೀರಾಯ್ಡ್ ಶುರು. ಬಯಾಪ್ಸಿಗೆ (ರಕ್ತನಾಳದ ತುಣುಕಿನ ಪರೀಕ್ಷೆ) ಕಾಯುವಂತಿಲ್ಲ.

ರೇಖಾ: ಫಾಲೋಅಪ್ ಸ್ಕ್ಯಾನ್ ಯಾವಾಗ ಕೊಡೋಣ?

ಶೈಲಜಾ: ಊತ ಇಳಿಯಲು 6–8 ವಾರ ಬೇಕು, ತಂತು ಪದರದ ಅಂಕಿ 3 ತಿಂಗಳ ನಂತರ ನಂಬು. ಮೊದಲೇ ಬೇಕಿದ್ದರೆ ಮ್ಯಾಕ್ಯುಲಾದ ಗ್ಯಾಂಗ್ಲಿಯನ್ ಪದರ (ಆ ತಂತುಗಳು ಹೊರಡುವ ಕೋಶಗಳ ಪದರ) ನೋಡು, 2–3 ವಾರದಲ್ಲೇ ತೆಳುವಾಗತೊಡಗುತ್ತದೆ. ಡಿಸ್ಕಿನಿಂದ ನೀರು ಅಲ್ಲಿಗೂ ಹರಿದಿದ್ದರೆ ಯಂತ್ರ ಪದರದ ಗೆರೆ ತಪ್ಪಿ ಹಾಕಿರುತ್ತದೆ. ಬಣ್ಣದ ನಕ್ಷೆ ಬಿಟ್ಟು ಬಿ-ಸ್ಕ್ಯಾನ್ (ಓಸಿಟಿಯ ಅಡ್ಡಸೀಳು ಚಿತ್ರ) ತೆರೆ. ಮೇಲರ್ಧ ತೆಳುವಿದ್ದರೆ ಫೀಲ್ಡಿನಲ್ಲಿ (ದೃಷ್ಟಿ ವ್ಯಾಪ್ತಿಯ ಪರೀಕ್ಷೆ) ಕೆಳಗರ್ಧ ಕಪ್ಪಿರಬೇಕು. ತಾಳೆಯಾಗದಿದ್ದರೆ ಎರಡನ್ನೂ ಮತ್ತೆ ಮಾಡು.

ಸುಧಾಕರ: ಸರಿ, “ನಿಶ್ಚಿಂತೆ” ತೆಗೆದೆ. “ಸ್ಕ್ಯಾನ್ ಹಸಿರಿದ್ದರೂ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ” ಅಂತ ಹಾಕಲಾ?

ವಸಂತ: ಹಾಕು. ಅದರ ಕೆಳಗೆ ಆ 3 ಪ್ರಶ್ನೆ, ಮರಾಠಿಯಲ್ಲೂ. ರಾತ್ರಿ ಬಿಪಿ ಮಾತ್ರೆ ತಗೊಳ್ತಾರಾ, ಗೊರಕೆ ಇದೆಯಾ ಅನ್ನೋದು ರಿಜಿಸ್ಟರಿನಲ್ಲಿ ಬರಲಿ, ನರಕ್ಕೆ ರಕ್ತ ಕಡಿಮೆಯಾಗಲು ಅವಕ್ಕೂ ನಂಟಿರಬಹುದು. ಮಾತ್ರೆಯ ಹೊತ್ತು ಬದಲಿಸುವುದು ಅವರ ಡಾಕ್ಟರ್, ನಾವಲ್ಲ.