ಹಾಲ್‌ಗೆ ಮರದ ನೆಲ, ಸುಣ್ಣದ ಗೋಡೆ, ಗಿಡ: ಮಾಡಿಸಿದವರು ಅನುಭವ ಹೇಳಿ

ಹೊಸಬಾಗಿಲು: ಹಾಲ್ ಹೊಸದಾಗಿ ಮಾಡಿಸುತ್ತಿದ್ದೇವೆ. ಕಿಟಕಿ ಒಂದೇ, ಬೆಳಕು ಕಮ್ಮಿ. ಮರದ ನೆಲ, ಒಂದು ಗೋಡೆಗೆ ಸುಣ್ಣದ ಗಾರೆ, ಒಂದಷ್ಟು ಗಿಡ ಇಡುವ ಆಸೆ. ಎರಡು ವರ್ಷದ ಮಗು ಇದೆ. ಯಾವುದು ಬಾಳಿಕೆ ಬರುತ್ತೆ?

ಹಲಗೆಮನೆ: ನನ್ನ ಕಥೆ ಕೇಳಿ. ಹಲಗೆ ಬಂದ ಮರುದಿನವೇ ಕೂರಿಸೋಕೆ ಶುರು ಮಾಡಿದರು. ಮೊದಲು ಅದೇ ಕೋಣೆಯಲ್ಲಿ ಇಟ್ಟು ಅಲ್ಲಿನ ಹವೆಗೆ ಹೊಂದಿಕೊಳ್ಳೋಕೆ ಬಿಡಬೇಕು ಅಂತ ಯಾರೂ ಹೇಳಲಿಲ್ಲ. ಗೋಡೆ ಪಕ್ಕ 10–12 ಮಿ.ಮೀ. ಸಂದಿಯನ್ನೂ ಬಿಡಲಿಲ್ಲ. ಮಳೆ ಹಿಡಿದ ಮೂರನೇ ವಾರ ನಡುಹಾಲ್‌ನಲ್ಲಿ ನೆಲ ಉಬ್ಬಿ ನಿಂತಿತು. ಕಾಲಿಟ್ಟರೆ ಟಕ್ ಅಂತ ಕೆಳಗೆ, ಎತ್ತಿದರೆ ಮತ್ತೆ ಮೇಲೆ. ಮರ ತೇವ ಕುಡಿದರೆ ಉದ್ದಕ್ಕೆ ಅಷ್ಟಾಗಿ ಬೆಳೆಯಲ್ಲ, ಅಗಲಕ್ಕೆ ಹಿಗ್ಗುತ್ತೆ. 46 ಹಲಗೆ ಕೀಳಿಸಿದೆ, 11 ಸೀಳಿಹೋದವು. ಅದೇ ಬಣ್ಣದ್ದು ಮತ್ತೆ ಸಿಗಲೇ ಇಲ್ಲ. ಹಾಕಿದ ಕೂಲಿ, ಕಿತ್ತ ಕೂಲಿ, ಮತ್ತೆ ಹಾಕಿದ ಕೂಲಿ, ಒಂದೇ ನೆಲಕ್ಕೆ ಮೂರು ಸಲ ದುಡ್ಡು ಕೊಟ್ಟೆ. ಆದರೂ ಬೆಳಗ್ಗೆ ಬರಿಗಾಲಲ್ಲಿ ಅದರ ಮೇಲೆ ನಡೆದರೆ ಬೇರೆ ನೆಲ ಬೇಡ ಅನ್ನಿಸುತ್ತೆ.

ಬೂದುಕಲ್ಲು: ಅದಕ್ಕೇ ಕಲ್ಲು ಹಾಕಿಸಿ ಅನ್ನೋದು. ಆದರೆ ಮಾರ್ಬಲ್ ಬೇಡ. ನಮ್ಮ ಅಡುಗೆ ಕಟ್ಟೆಗೆ ಹಾಕಿಸಿ, ಸೀಲರ್ ಎರಡು ಕೈ ಹೊಡೆಸಿದ್ದೆ. ಒಂದು ರಾತ್ರಿ ಕತ್ತರಿಸಿದ ನಿಂಬೆ ಹೋಳು ಮಗುಚಿ ಬಿದ್ದಿತ್ತು. ಬೆಳಗ್ಗೆ ನೋಡಿದರೆ ಅಷ್ಟಗಲ ಮಂಕು ಬಿಲ್ಲೆ. ಬೆರಳಾಡಿಸಿದರೆ ತರಿತರಿ. ಸೀಲರ್ ಕಲೆ ತಡೆಯುತ್ತೆ, ಹುಳಿ ತಡೆಯಲ್ಲ. ಮಾರ್ಬಲ್ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಮುಟ್ಟಿದರೆ ಕರಗುತ್ತೆ. ಮತ್ತೆ ಪಾಲಿಶ್ ಮಾಡಿಸೋಕೆ ಒಂಬತ್ತು ದಿನ ಅಡುಗೆಮನೆ ಬಂದ್. ಪಾಲಿಶ್ ಧೂಳು ಬೀರು ಒಳಗಿನ ಬಟ್ಟೆಗೂ ಹೋಗಿತ್ತು. ಈಗ ಗ್ರಾನೈಟ್ ಇದೆ, ನೆಮ್ಮದಿ.

ಹಲಗೆಮನೆ: ಅವರು ಕೇಳಿದ್ದು ಹಾಲ್ ಬಗ್ಗೆ. ನಿಮ್ಮ ಅಡುಗೆ ಕಟ್ಟೆ ಯಾಕೆ ಇಲ್ಲಿ?

ಬೂದುಕಲ್ಲು: ನಿಮ್ಮ ಉಬ್ಬಿದ ನೆಲವನ್ನೂ ಅವರು ಕೇಳಿರಲಿಲ್ಲ.

ಎಲೆಮನೆ: ಗಿಡ ಇಡಿ, ಗಾಳಿ ಶುದ್ಧ ಆಗುತ್ತೆ. 1989ರಲ್ಲೇ ನಾಸಾ ವರದಿ ಬಂದಿದೆ. ನಮ್ಮಲ್ಲಿ 23 ಕುಂಡ ಇವೆ. ಮೊದಲ ವರ್ಷ ಏಳು ಸತ್ತವು, ಎಲ್ಲಾ ನೀರು ಜಾಸ್ತಿಯಾಗಿಯೇ. ಬೇರು ಕೊಳೆತು ಮಣ್ಣು ನಾತ ಹೊಡೆಯಿತು, ಸಣ್ಣ ಕಪ್ಪು ನೊಣ ಮನೆ ತುಂಬಾ. ಈಗ ಬೆರಳು ಎರಡು ಗೆಣ್ಣು ಮಣ್ಣಲ್ಲಿ ಇಳಿಸಿ, ಒಣಗಿದ್ದರೆ ಮಾತ್ರ ನೀರು.

ಬೂದುಕಲ್ಲು: ಆ ಪ್ರಯೋಗ ಮಾಡಿದ್ದು ಮುಚ್ಚಿದ ಪೆಟ್ಟಿಗೆಯೊಳಗೆ. 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರು. ಗಾಳಿಯಾಟದಿಂದ ಆಗುವ ಕೆಲಸ ಗಿಡದಿಂದ ಆಗಬೇಕಾದರೆ ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕಂತೆ. ಕಿಟಕಿ ತೆಗೆಯಿರಿ, ಸಾಕು.

ಎಲೆಮನೆ: ಅಮ್ಮ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ದಿನಾ ಬೆಳಗ್ಗೆ ಹೊಸ ಎಲೆ ಬಂದಿದೆಯಾ ಅಂತ ಕೇಳೋರು. ಅದನ್ನು ಯಾವ ಚದರ ಮೀಟರ್‌ನಲ್ಲಿ ಅಳೀತೀರಿ?

ಬೂದುಕಲ್ಲು: ಅಮ್ಮನ ವಿಷಯ ನಾನು ಎತ್ತಲಿಲ್ಲ. ಗಾಳಿ ಶುದ್ಧ ಅಂದಿದ್ದು ನೀವು.

ಸುಣ್ಣದಗೂಡು: ಜಗಳ ಬಿಡಿ. ಮಗು ಇದೆ ಅಂದರಲ್ಲ, ಮನಿ ಪ್ಲಾಂಟ್, ಡೈಫೆನ್‌ಬಾಕಿಯಾ ಕೈಗೆ ಸಿಗದ ಹಾಗೆ ಇಡಿ. ಎಲೆ ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತೆ. ಇನ್ನು ಗೋಡೆ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುತ್ತೆ. ಆತುರ ಮಾಡಬೇಡಿ. ನಾನು ಊರಿಗೆ ಹೋಗಿದ್ದಾಗ ಪೇಂಟರ್ ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದುಬಿಟ್ಟ. ಒಳಗಿನ ತೇವಕ್ಕೆ ದಾರಿಯೇ ಇಲ್ಲ. ಎರಡು ತಿಂಗಳಲ್ಲಿ ಬೊಬ್ಬೆ ಎದ್ದು, ಉಗುರು ತಾಗಿದರೆ ಹಾಳೆ ಹಾಳೆಯಾಗಿ ಕಿತ್ತು ಬರುತ್ತಿತ್ತು. ನಾನೇ ಕೂತು 17 ದಿನ ಕೆರೆದೆ.

ಹಲಗೆಮನೆ: ಕೆಲಸ ನಡೆಯುವಾಗ ಮನೆಯಲ್ಲಿ ಇರಬೇಕಿತ್ತು.

ಸುಣ್ಣದಗೂಡು: ನೀವು ಮನೆಯಲ್ಲೇ ಇದ್ದಿರಲ್ಲ, ಸಂದಿ ಬಿಡಿಸಿದಿರಾ?

ಹೊಸಬಾಗಿಲು: ಬೆಳಕು ಕಮ್ಮಿ ಇದೆ ಅಂದಿದ್ದೆ. ಯಾವ ಗಿಡ ಬದುಕುತ್ತೆ, ಯಾರಾದರೂ ಹೇಳ್ತೀರಾ?