ಮಾಡ್‌ಬಸ್‌ನ ‘ಕಾಯಿಲ್’, ‘ರಿಜಿಸ್ಟರ್’: ಕನ್ನಡದಲ್ಲಿ ಹೇಗೆ ಹೇಳೋಣ?

ಎಲ್ಲರಿಗೂ ನಮಸ್ಕಾರ.

ಶಿರಸಿ ಕಡೆಯ ಅಡಿಕೆ ತೋಟದ ಪಂಪು, ವಾಲ್ವುಗಳನ್ನು ನಡೆಸುವ ಪಿಎಲ್‌ಸಿಯನ್ನು (ಯಂತ್ರಗಳನ್ನು ನಡೆಸುವ ಸಣ್ಣ ಕಂಪ್ಯೂಟರ್) ಮನೆಯ ಹೋಮ್ ಅಸಿಸ್ಟೆಂಟ್‌ಗೆ (ಮನೆಯ ಉಪಕರಣಗಳನ್ನು ಒಂದೆಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್) ಜೋಡಿಸುವುದು ಹೇಗೆಂದು ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬೆಳೆಗಾರರೂ ಊರಿನ ಎಲೆಕ್ಟ್ರಿಷಿಯನ್ನರೂ ಅದನ್ನು ಓದಿ ಕೆಲಸ ಮಾಡುವಂತಿರಬೇಕು. ಪ್ಯಾನೆಲ್, ಸ್ಟಾರ್ಟರ್, ಫೇಸ್, ಫ್ಲೋಟ್ ಸ್ವಿಚ್ ಇವೆಲ್ಲ ಎಲ್ಲರ ಬಾಯಲ್ಲಿ ಇರುವ ಮಾತುಗಳು, ಹಾಗೇ ಇಟ್ಟಿದ್ದೇನೆ. ಪಂಪ್‌ಹೌಸಿನಿಂದ ಮನೆಗೆ ಎಳೆಯುವ ಆರ್‌ಎಸ್ 485 ತಂತಿಯ ವಿವರಕ್ಕೂ ಹೊಸ ಪದ ಬೇಕಾಗಲಿಲ್ಲ. ಕಡಿಮೆ ವೇಗದಲ್ಲಿ ಸುಮಾರು 1200 ಮೀಟರ್‌ವರೆಗೆ ಅದು ನಡೆಯುತ್ತದೆ, ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಬೇಕು ಎಂದರೆ ಮುಗಿಯಿತು. ತೊಡಕಾಗಿರುವುದು ಆ ತಂತಿಯ ಮೇಲೆ ಯಂತ್ರಗಳು ಮಾತಾಡಿಕೊಳ್ಳುವ ಮಾಡ್‌ಬಸ್ ಭಾಷೆಯ ಪದಗಳಲ್ಲಿ.

ಮಾಡ್‌ಬಸ್ ತನ್ನ ಮಾಹಿತಿಯನ್ನು ನಾಲ್ಕು ಬಗೆಯಾಗಿ ಇಡುತ್ತದೆ. ಕಾಯಿಲ್ ಎಂದರೆ ಒಂದೇ ಬಿಟ್ (0 ಅಥವಾ 1), ಓದಲೂ ಬರುತ್ತದೆ, ಬದಲಿಸಲೂ ಬರುತ್ತದೆ. ಡಿಸ್ಕ್ರೀಟ್ ಇನ್‌ಪುಟ್ ಕೂಡ ಒಂದೇ ಬಿಟ್, ಆದರೆ ಓದಲು ಮಾತ್ರ. ಹೋಲ್ಡಿಂಗ್ ರಿಜಿಸ್ಟರ್ 16 ಬಿಟ್‌ನದು, 0ಯಿಂದ 65535ರವರೆಗಿನ ಅಂಕಿ ಹಿಡಿಸುತ್ತದೆ, ಬದಲಿಸಬಹುದು. ಇನ್‌ಪುಟ್ ರಿಜಿಸ್ಟರ್ ಅಷ್ಟೇ ದೊಡ್ಡದು, ಓದಲು ಮಾತ್ರ.

ಇದರಲ್ಲಿ ‘ಕಾಯಿಲ್’ ನಮ್ಮವರನ್ನು ದಾರಿ ತಪ್ಪಿಸುತ್ತದೆ. ಇಲ್ಲಿನ ಎಲೆಕ್ಟ್ರಿಷಿಯನ್ನರಿಗೆ ಕಾಯಿಲ್ ಎಂದರೆ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟು ಕೊಡುವ ಸ್ವಿಚ್) ಒಳಗೆ ಸುತ್ತಿದ ತಾಮ್ರದ ತಂತಿ, ಸುಟ್ಟರೆ ಬದಲಿಸುವಂಥದ್ದು. ‘ಕಾಯಿಲ್ 5ನ್ನು ಓದಿ’ ಎಂಬ ನನ್ನ ಸಾಲನ್ನು ಕಂಡು ಒಬ್ಬರು, ‘ಎಂತ ಓದೂದು ಅದ್ರಲ್ಲಿ, ಬಿಸಿಯಾಗಿದ್ಯಾ ನೋಡ್ಬೇಕಾ?’ ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ಈ ಹೆಸರು ಹುಟ್ಟಿದ್ದೂ ಅದೇ ತಾಮ್ರದ ಸುರುಳಿಯಿಂದ. 1968ರಲ್ಲಿ ಜನರಲ್ ಮೋಟರ್ಸ್ ಕಂಪನಿ ತನ್ನ ಕಾರ್ಖಾನೆಯ ರಿಲೇ (ಕಾಯಿಲ್‌ನಿಂದ ನಡೆಯುವ ಸ್ವಿಚ್) ಪ್ಯಾನೆಲ್‌ಗಳಿಗೆ ಬದಲಿ ಬೇಕೆಂದಿತು, ಡಿಕ್ ಮಾರ್ಲೆಯವರ ಬಳಗ ಕಟ್ಟಿದ ಪಿಎಲ್‌ಸಿ ಮಾಡಿಕಾನ್ ಎಂಬ ಹೆಸರಲ್ಲಿ ಬಂತು. ರಿಲೇ ಹೋದರೂ ರಿಲೇ ನಕ್ಷೆಯ ಪದ ಉಳಿಯಿತು. 1979ರಲ್ಲಿ ಮಾಡಿಕಾನ್ ಕಂಪನಿ ಮಾಡ್‌ಬಸ್ಸನ್ನು ಹೊರತಂದಾಗ ಅದೇ ಪದ ಅಲ್ಲಿಗೂ ಹೋಯಿತು. ‘ಹೋಲ್ಡಿಂಗ್’ ಕೂಡ ಹೀಗೇ ದಾರಿ ತಪ್ಪಿಸುತ್ತದೆ. ಗುಂಡಿ ಬಿಟ್ಟ ಕೂಡಲೇ ಮೋಟರ್ ನಿಂತರೆ ‘ಸ್ಟಾರ್ಟರ್ ಹೋಲ್ಡ್ ಆಗ್ತಿಲ್ಲ’ ಎನ್ನುವುದು ನಮ್ಮಲ್ಲಿ ಬಳಕೆ. ಹೋಲ್ಡಿಂಗ್ ರಿಜಿಸ್ಟರ್ ಎಂದೊಡನೆ ಮನಸ್ಸು ಅತ್ತ ಹೋಗುತ್ತದೆ.

ನನಗೆ ತೋಚಿದ ಪದ ‘ಗೂಡು’. ಹಳೇ ಮನೆಯ ಗೋಡೆಯಲ್ಲಿ ದೀಪ ಇಡಲು ಬಿಟ್ಟ ಗೂಡು ಇರುತ್ತದಲ್ಲ, ಆ ಅರ್ಥದಲ್ಲಿ. ಒಂದು ಗೂಡಿಗೆ ಒಂದು ಅಂಕಿ. ಒಂದೇ ಬಿಟ್ ಇದ್ದರೆ ‘ಕಿರುಗೂಡು’. ಬದಲಿಸಲು ಬರುವುದು ‘ತಿದ್ದುಗೂಡು’, ಬರದೇ ಇರುವುದು ‘ಓದುಗೂಡು’. ಆಗ ಕಾಯಿಲ್ ‘ತಿದ್ದುವ ಕಿರುಗೂಡು’ ಆಗುತ್ತದೆ, ಟ್ಯಾಂಕಿನ ಫ್ಲೋಟ್ ಸ್ವಿಚ್ ಸುದ್ದಿ ತರುವ ಡಿಸ್ಕ್ರೀಟ್ ಇನ್‌ಪುಟ್ ‘ಓದುವ ಕಿರುಗೂಡು’. ‘ಮನೆ’ ಎಂಬ ಪದವನ್ನೂ ಯೋಚಿಸಿದ್ದೆ, ಚದುರಂಗದ ಮನೆ, ಜಾತಕದ ಮನೆ ಎನ್ನುವಂತೆ. ಆದರೆ ನನ್ನ ಕೈಪಿಡಿಯೇ ಮನೆಯ ಕುರಿತಾದ್ದರಿಂದ ಗೊಂದಲ ತಪ್ಪದು. ‘ಸುರುಳಿ’ ಎಂದು ನೇರವಾಗಿ ಅನುವಾದಿಸುವುದಂತೂ ಬೇಡವೇ ಬೇಡ, ಮೂಲದಲ್ಲಿ ಹಳತಾದ ಹೋಲಿಕೆಯನ್ನು ನಾವು ಹೊಸದಾಗಿ ಹೊರಬೇಕಾಗುತ್ತದೆ. ಹೋಮ್ ಅಸಿಸ್ಟೆಂಟ್‌ನ ಸೆಟ್ಟಿಂಗ್ ಬರೆಯುವ ಯಾಮಲ್ ಫೈಲಿನೊಳಗೆ ಇಂಗ್ಲಿಷ್ ಪದಗಳೇ ಇರಬೇಕು, ಅದಕ್ಕೆ ಅವನ್ನು ಒಮ್ಮೆ ಪಕ್ಕದಲ್ಲಿಟ್ಟು ತೋರಿಸುತ್ತೇನೆ. ನಾನು ಕೇಳುತ್ತಿರುವುದು ವಿವರಣೆಯ ಕನ್ನಡದ ಬಗ್ಗೆ.

ಎಣಿಕೆಯದ್ದು ಇನ್ನೊಂದು ಸಮಸ್ಯೆ. ಪಿಎಲ್‌ಸಿಯ ಪುಸ್ತಕದಲ್ಲಿ 40001 ಎಂದಿರುವ ಹೋಲ್ಡಿಂಗ್ ರಿಜಿಸ್ಟರಿಗೆ ಹೋಮ್ ಅಸಿಸ್ಟೆಂಟ್‌ನಲ್ಲಿ 0 ಎಂದು ಬರೆಯಬೇಕು. 40001ರಲ್ಲಿ ಮೊದಲಿಗಿರುವ 4 ಎಂಬ ಅಂಕಿ ಅದು ಯಾವ ಬಗೆಯದ್ದೆಂದು ಹೇಳುತ್ತದೆ, ಉಳಿದದ್ದು ಒಂದರಿಂದ ಎಣಿಸಿದ್ದು. ತಂತಿಯ ಮೇಲೆ ಹೋಗುವ ಸಂಖ್ಯೆ ಸೊನ್ನೆಯಿಂದ ಶುರು. ಇಲ್ಲಿ ತಪ್ಪಿದರೆ ಪಕ್ಕದ ಗೂಡಿನ ಅಂಕಿ ಬರುತ್ತದೆ. ಕನ್ನಡದಲ್ಲಿ ‘1ನೇ’, ‘2ನೇ’ ಎಂದಾಗ ಎಣಿಕೆ ಒಂದರಿಂದಲೇ, ‘ಸೊನ್ನೆಯನೇ ಗೂಡು’ ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ಪುಸ್ತಕದ ಸಂಖ್ಯೆಗೆ ‘ಕ್ರಮಸಂಖ್ಯೆ’, ತಂತಿಯ ಸಂಖ್ಯೆಗೆ ‘ವಿಳಾಸ’ ಎಂದು ಬೇರೆ ಮಾಡಿ, ವಿಳಾಸಕ್ಕೆ ‘ನೇ’ ಹಚ್ಚದೆ ಬರೆಯುತ್ತಿದ್ದೇನೆ: 1ನೇ ಗೂಡು, ವಿಳಾಸ 0. ಈ ವ್ಯತ್ಯಾಸ ಓದುವವರ ಕಿವಿಗೆ ಹಿಡಿಯುತ್ತದೆಯೇ?

ಮಾಸ್ಟರ್ (ಪ್ರಶ್ನೆ ಕೇಳುವ ಯಂತ್ರ), ಸ್ಲೇವ್ (ಉತ್ತರಿಸುವ ಯಂತ್ರ) ಎಂಬ ಜೋಡಿಯನ್ನು ಮಾಡ್‌ಬಸ್ ಸಂಸ್ಥೆಯೇ 2020ರಲ್ಲಿ ಬಿಟ್ಟು ಕ್ಲೈಂಟ್, ಸರ್ವರ್ ಎಂದಿದೆ. ‘ಯಜಮಾನ’, ‘ಆಳು’ ಎಂದು ನಾನಂತೂ ಬರೆಯಲಾರೆ. ತೋಟದ ಕೆಲಸಕ್ಕೆ ಬರುವ ಮನುಷ್ಯರನ್ನು ಇಂದಿಗೂ ಆ ಹೆಸರಲ್ಲಿ ಕರೆಯುವ ಊರಿದು. ‘ಕೇಳುವ ಕಡೆ’, ‘ಉತ್ತರಿಸುವ ಕಡೆ’ ಎಂದಿದ್ದೇನೆ. ಕೇಳದೆ ಪಿಎಲ್‌ಸಿ ತಾನಾಗಿ ಏನನ್ನೂ ಹೇಳುವುದಿಲ್ಲ ಎಂಬ ಸಂಗತಿಯೂ ಅದರಲ್ಲೇ ಬಂತು.

ಕ್ರಿಯಾಪದದ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ‘ಹೋಮ್ ಅಸಿಸ್ಟೆಂಟ್ ಪಂಪನ್ನು ನಿಯಂತ್ರಿಸುತ್ತದೆ’ ಎಂದು ಬರೆದು ಹೊಡೆದುಹಾಕಿದೆ. ಮಳೆಗಾಲದಲ್ಲಿ ಮನೆಯ ಕರೆಂಟು ಹೋಗಿ ಕಂಪ್ಯೂಟರ್ ಆರಿದರೂ, ಬಾವಿಯ ನೀರು ಇಳಿದಾಗ ಪಂಪು ನಿಲ್ಲಲೇಬೇಕು, ಆ ತೀರ್ಮಾನ ಪಿಎಲ್‌ಸಿಯ ಒಳಗೇ ಇರಬೇಕು. ಮನೆಯ ಕಡೆಯಿಂದ ಹೋಗುವುದು ಒಂದು ಕಿರುಗೂಡಿನಲ್ಲಿ ಬರೆದ ಬೇಡಿಕೆ, ಒಪ್ಪುವುದು ಬಿಡುವುದು ಪಿಎಲ್‌ಸಿಗೆ ಸೇರಿದ್ದು. ಅದಕ್ಕೆ ‘ಕೋರುತ್ತದೆ’ ಎಂದಿದ್ದೇನೆ. ಮದುವೆ ಕರೆಯೋಲೆಯ ಧಾಟಿ ಬಂತೇನೋ, ‘ಕೇಳಿಕೊಳ್ಳುತ್ತದೆ’ ವಾಸಿಯೇ?

‘ಗೂಡು’ ಕುರಿತು ಕಾರವಾರ, ಕುಮಟಾ ಕಡೆಯವರೂ ಬಯಲುಸೀಮೆಯವರೂ ಹೇಳಬೇಕು. ನಿಮ್ಮಲ್ಲಿ ಗೂಡು ಎಂದರೆ ಹಕ್ಕಿಯದ್ದು ಮಾತ್ರವೋ, ಗೋಡೆಯದ್ದೂ ಹೌದೋ? ವಸ್ತು ಇಡುವ ಸಣ್ಣ ಜಾಗಕ್ಕೆ ಬೇರೆ ಪದ ಬಳಕೆಯಲ್ಲಿದ್ದರೆ ತಿಳಿಸಿ.