ಪೀಕಿಂಗೋ ಬೀಜಿಂಗೋ? ನಡುವೆ ನಮ್ಮ ಪುಲಕೇಶಿ

ಗೆಳೆಯರೇ, ನಮಸ್ಕಾರ.

ಒಂದು ಸಣ್ಣ ಅನುಮಾನ ಕೇಳೋಣ ಅಂತ ಶುರು ಮಾಡಿದೆ. ಬರೆಯುತ್ತಾ ಉದ್ದವಾಯಿತು, ಸಹಿಸಿಕೊಳ್ಳಿ.

ಪರಿಚಯದವರೊಬ್ಬರು ಚೀನಾದ ಚರಿತ್ರೆಯ ಬಗ್ಗೆ ಪುಸ್ತಕ ಬರೆದಿದ್ದಾರೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಅಧ್ಯಾಯದಲ್ಲಿ ಪೀಕಿಂಗ್, ಮೂರನೆಯದರಲ್ಲಿ ಬೀಜಿಂಗ್, ಐದನೆಯದರಲ್ಲಿ ಬೈಜಿಂಗ್. ಎಲ್ಲವೂ ಒಂದೇ ಊರು! ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ ಅಂತ ಅಂಚಿನಲ್ಲಿ ಬರೆದೆ. ಅವರು ಫೋನ್ ಮಾಡಿ, "ಪೀಕಿಂಗ್ ಅನ್ನೋದು ಬ್ರಿಟಿಷರು ಕೆಡಿಸಿದ ಹೆಸರು ಅಲ್ವಾ? ಬಾಂಬೆ ಮುಂಬೈ ಆದ ಹಾಗೆ ಅದೂ ಬೀಜಿಂಗ್ ಆಯ್ತು, ಅಷ್ಟೇ" ಅಂದರು. ನಾನೂ ಇಷ್ಟು ದಿನ ಹಾಗೇ ಅಂದುಕೊಂಡಿದ್ದೆ. ಕೆದಕುತ್ತಾ ಹೋದರೆ ಕತೆ ಬೇರೆಯೇ ಇದೆ.

ಆ ಹೆಸರಿನಲ್ಲಿ ಇರುವುದು ಎರಡೇ ಚೀನೀ ಅಕ್ಷರ. ಮೊದಲನೆಯದರ ಅರ್ಥ ಬಡಗಣ, ಎರಡನೆಯದರ ಅರ್ಥ ರಾಜಧಾನಿ. ನಾನ್‌ಜಿಂಗ್ ಅಂದರೆ ತೆಂಕಣ ರಾಜಧಾನಿ. ಈ 'ರಾಜಧಾನಿ' ಅಕ್ಷರವನ್ನು ಹಿಂದೆ ಚೀನಾದಲ್ಲೇ ಕಕಾರದಿಂದ ಹೇಳುತ್ತಿದ್ದರು. ದಕ್ಷಿಣದ ಕ್ಯಾಂಟನೀಸ್ ಮಾತಿನಲ್ಲಿ ಅದು ಇವತ್ತಿಗೂ 'ಕಿಂಗ್'. ಜಪಾನಿನವರು ಅದೇ ಅಕ್ಷರವನ್ನು ಕಡ ತಂದು 'ಕ್ಯೋ' ಅಂದರು. ಟೋಕಿಯೋ ಅಂದರೆ ಮೂಡಣ ರಾಜಧಾನಿ. ಟೋಕಿಯೋದ ಅದೇ ಎರಡು ಅಕ್ಷರಗಳನ್ನು ವಿಯೆಟ್ನಾಮಿನವರು ಓದಿದರೆ 'ದೋಂಗ್ ಕಿಂಞ್'. ಫ್ರೆಂಚರ ಬಾಯಲ್ಲಿ ಟೊಂಕಿನ್ (ಉತ್ತರ ವಿಯೆಟ್ನಾಮಿನ ಹಳೇ ಹೆಸರು) ಆದದ್ದು ಅದೇ.

ಉತ್ತರದ ಮಾತಿನಲ್ಲಿ, ಅಂದರೆ ಇವತ್ತಿನ ಮ್ಯಾಂಡರಿನ್‌ನಲ್ಲಿ, ಮುಂದೆ ಇಕಾರ ಬಂದಲ್ಲೆಲ್ಲ ಈ ಕಕಾರ ಕಳೆದ ಕೆಲವು ಶತಮಾನಗಳಲ್ಲಿ ಚಕಾರವಾಯಿತು. ಕಿಂಗ್ ಹೋಗಿ ಚಿಂಗ್ ಬಂತು. ಯೂರೋಪಿನವರ ಕಿವಿಗೆ ಬಿದ್ದದ್ದು ಹಳೆಯ ಉಚ್ಚಾರ, ಅದೇ ಅವರ ಪುಸ್ತಕಗಳಲ್ಲಿ ನಿಂತುಬಿಟ್ಟಿತು. ಹಾಗಾಗಿ ಪೀಕಿಂಗ್ ಅನ್ನುವುದು ಕೆಟ್ಟ ಹೆಸರಲ್ಲ, ಹಳೇ ಹೆಸರು.

ಇಲ್ಲಿಗೆ ಬಂದಾಗ ನನಗೆ ನಮ್ಮ ಮನೆಯದೇ ಮಾತು ನೆನಪಾಯಿತು. ನಾವು ಕಿವಿ ಅನ್ನುತ್ತೇವೆ, ತೆಲುಗರು ಚೆವಿ ಅನ್ನುತ್ತಾರೆ. ನಮ್ಮ ಕೆರೆ ಅವರಿಗೆ ಚೆರುವು. ನಮ್ಮ ಕೇರಿ ತಮಿಳರಿಗೆ ಚೇರಿ. ಪುದುಚ್ಚೇರಿ ಅಂದರೆ ಹೊಸ ಕೇರಿ, ಅಷ್ಟೇ. ಇಕಾರ ಎಕಾರಗಳ ಮುಂದೆ ಕಕಾರ ಚಕಾರವಾಗುವ ಆಟ ತೆಲುಗು, ತಮಿಳು, ಮಲಯಾಳದ ಮನೆಗಳಲ್ಲಿ ನಡೆಯಿತು. ಕನ್ನಡ ಹಳೇ ಕಕಾರ ಹಿಡಿದುಕೊಂಡು ಕೂತಿತು. ಕ್ಯಾಂಟನೀಸ್ ಅಲ್ಲಿ ಮಾಡಿದ್ದನ್ನು ನಾವು ಇಲ್ಲಿ ಮಾಡಿದ್ದೇವೆ. (ಜಾಸ್ತಿ ಬೀಗುವುದು ಬೇಡ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಪಕಾರ ಕಳೆದುಕೊಂಡವರು ನಾವೇ.)

ಇನ್ನು ಪುಲಕೇಶಿ. ನಮ್ಮ ಶಾಲೆಯ ಪುಸ್ತಕಗಳ ಹ್ಯೂಯೆನ್ ತ್ಸಾಂಗ್ ಚೀನಾಕ್ಕೆ ವಾಪಸಾದದ್ದು 645ರಲ್ಲಿ. ಮರುವರ್ಷ ಅವನ ಪ್ರವಾಸದ ಪುಸ್ತಕ ಸಿದ್ಧವಾಯಿತು. ಅದರಲ್ಲಿ ನಮ್ಮ ಕಡೆಯ ನಾಡಿನ ವಿವರ ಇದೆ. ಯುದ್ಧಕ್ಕೆ ಮೊದಲು ವೀರರೂ ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ, ಹರ್ಷನ ಕೈಯಲ್ಲೂ ಈ ರಾಜನನ್ನು ಬಗ್ಗಿಸಲು ಆಗಲಿಲ್ಲ ಅಂತೆಲ್ಲ. ರಾಜನ ಹೆಸರನ್ನು ನಾಲ್ಕು ಚೀನೀ ಅಕ್ಷರಗಳಲ್ಲಿ ಬರೆದಿದ್ದಾರೆ. ಇವತ್ತಿನ ಮ್ಯಾಂಡರಿನ್‌ನಲ್ಲಿ ಅದನ್ನು ಓದಿದರೆ ಸುಮಾರು 'ಪು-ಲ್ವೊ-ಚಿ-ಶ' ಅಂತ ಕೇಳುತ್ತದೆ. ಯಾರಪ್ಪ ಇವನು ಅನ್ನಿಸುತ್ತದೆ. ಆದರೆ ಭಾಷಾಶಾಸ್ತ್ರಜ್ಞರು ಕಟ್ಟಿಕೊಟ್ಟಿರುವ ಆ ಕಾಲದ ಉಚ್ಚಾರದಲ್ಲಿ ಅವೇ ನಾಲ್ಕು ಅಕ್ಷರ 'ಪು-ಲ-ಕೇಯ್-ಶ್ಯ'. ಮೂರನೆಯ ಅಕ್ಷರ ನೋಡಿ. ಪೀಕಿಂಗ್ ಬೀಜಿಂಗ್ ಆದ ದಾರಿಯಲ್ಲೇ ಪುಲಕೇಶಿಯ ಕೇ ಹೋಗಿ ಚಿ ಆಗಿದೆ. ಬರೆದವರು ತಪ್ಪು ಮಾಡಿರಲಿಲ್ಲ. ಅಕ್ಷರ ಅಲ್ಲೇ ಇದ್ದು ಬಾಯಿ ಬದಲಾಯಿತು.

ಬರೆದ ಆ ಭಿಕ್ಷುವಿನ ಹೆಸರಿಗೂ ಇದೇ ಗತಿ. ಹಕಾರವೂ ಇಂಥ ಜಾಗದಲ್ಲಿ ಶಕಾರವಾಯಿತು. ಹಾಂಗ್‌ಕಾಂಗ್ ಅನ್ನು ಬೀಜಿಂಗಿನವರು ಶ್ಯಾಂಗ್‌ಕಾಂಗ್ ಅನ್ನುವುದು ಇದಕ್ಕೇ. ಹ್ಯೂಯೆನ್ ಇವತ್ತು 'ಶ್ವೆನ್' ಆಗಿದ್ದಾನೆ. ಹೊಸ ಬರಹಗಳಲ್ಲಿ ಕಾಣುವ 'ಕ್ಸುವಾನ್‌ಜಾಂಗ್' ಹಳೆಯದೂ ಅಲ್ಲ, ಇಂದಿನದೂ ಅಲ್ಲ. ಅದು ಇಂಗ್ಲಿಷಿನ ಎಕ್ಸ್ ನೋಡಿ ಕನ್ನಡ ಬರೆದದ್ದು. ನನ್ನ ಮಟ್ಟಿಗೆ ಶಾಲೆಯ ಪುಸ್ತಕದ ಹ್ಯೂಯೆನ್ ತ್ಸಾಂಗ್ ಅದಕ್ಕಿಂತ ಎಷ್ಟೋ ವಾಸಿ.

ತೊಡಕಿನ ಬೇರು ಪಿನ್‌ಯಿನ್‌ನಲ್ಲಿದೆ. ಚೀನೀ ಮಾತನ್ನು ರೋಮನ್ ಅಕ್ಷರದಲ್ಲಿ ಬರೆಯುವ ಈ ಪದ್ಧತಿಗೆ 1958ರಲ್ಲಿ ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟಿತು. 1979ರಿಂದ ಚೀನಾ ಸರ್ಕಾರ ಹೊರದೇಶದವರಿಗಾಗಿ ಬರೆಯುವಾಗಲೂ ಅದನ್ನೇ ಬಳಸಿತು. ಆಮೇಲೇ ಪೀಕಿಂಗ್ ಪತ್ರಿಕೆಗಳಿಂದ ಮರೆಯಾಗತೊಡಗಿದ್ದು. ಪಿನ್‌ಯಿನ್ ಇರುವುದು ಚೀನೀಯರಿಗಾಗಿ, ಇಂಗ್ಲಿಷ್ ಓದುವವರಿಗಲ್ಲ. ಮ್ಯಾಂಡರಿನ್‌ನಲ್ಲಿ ನಮ್ಮ ಬ, ದ, ಗ, ಜ ಥರದ ಧ್ವನಿಗಳೇ ಇಲ್ಲ. ಇರುವುದು ಪ ಮತ್ತು ಉಸಿರು ಸೇರಿದ ಪ, ತ ಮತ್ತು ಥ, ಕ ಮತ್ತು ಖ, ಚ ಮತ್ತು ಛ. ಸುಮ್ನೆ ಬಿದ್ದಿದ್ದ ರೋಮನ್ ಬಿ, ಡಿ, ಜಿ, ಜೆ ಅಕ್ಷರಗಳನ್ನು ಅವರು ಅಲ್ಪಪ್ರಾಣಕ್ಕೆ ಕೊಟ್ಟರು. ಪಿ, ಟಿ, ಕೆ, ಕ್ಯೂ ಅಕ್ಷರಗಳನ್ನು ಮಹಾಪ್ರಾಣಕ್ಕೆ ಕೊಟ್ಟರು. ನಾವು ಅದನ್ನು ಇಂಗ್ಲಿಷ್ ಥರ ಓದಿ 'ಬೀಜಿಂಗ್' ಅಂದೆವು. ಅಲ್ಲಿನವರ ಬಾಯಲ್ಲಿ ಅದು 'ಪೇಯ್‌ಚಿಂಗ್'.

ಇದರಿಂದ ಒಂದು ತಮಾಷೆ ಆಗಿದೆ. ನಮ್ಮ ಹಿರಿಯರು ಬರೆದ ಮಾವೊ ತ್ಸೆ ತುಂಗ್, ತಾವೊ, ಚೌ ಎನ್ ಲಾಯ್ ಇವೇ ಮೂಲಕ್ಕೆ ಹತ್ತಿರ. ನಾವು ಸರಿ ಮಾಡಿದ್ದೇವೆ ಅಂದುಕೊಂಡು ಬರೆಯುವ ಮಾವೊ ಝೆಡಾಂಗ್, ದಾವೊ, ಝೌ ದೂರ. ಇಂಗ್ಲಿಷಿನಲ್ಲಿ ಇಲ್ಲದ ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ ನಮ್ಮ ಲಿಪಿಯಲ್ಲೇ ಇರುವಾಗ ಇಂಗ್ಲಿಷಿನ ದಾರಿ ಯಾಕೆ ಹಿಡಿಯಬೇಕು? ಹಿಂದಿ ಪತ್ರಿಕೆಗಳಲ್ಲಿ ಈಗಿನ ಅಧ್ಯಕ್ಷರ ಹೆಸರು 'ಶೀ ಚಿನ್‌ಫಿಂಗ್' ಅಂತ ಬರುವುದನ್ನು ನೋಡಿರಬಹುದು. ಅದು ಅಚ್ಚುತಪ್ಪಲ್ಲ, ಲೆಕ್ಕ ಹಾಕಿ ಬರೆದದ್ದು. ಆದರೆ ಕನ್ನಡದಲ್ಲಿ ಹಾಗೆ ಬರೆದರೆ ಆ ಫಕಾರವನ್ನು ಫ್ಯಾನು, ಫೀಸು ಎಂಬಲ್ಲಿ ಓದುವಂತೆ ಓದುತ್ತಾರೆ, ಎಲ್ಲ ಕೆಡುತ್ತದೆ. ಮಹಾಪ್ರಾಣ ನಮ್ಮ ನಾಲಿಗೆಯ ಮೇಲೆ ನಿಲ್ಲುತ್ತದೋ ಇಲ್ಲವೋ ಅನ್ನುವ ಹಳೇ ಜಗಳವನ್ನು ಇವತ್ತು ಎಬ್ಬಿಸುವುದಿಲ್ಲ. ಅದಕ್ಕೆ ಇನ್ನೊಂದು ದಿನ ಇಡೋಣ.

ಈಗ ಕೇಳಬೇಕಾದದ್ದು. ಬೀಜಿಂಗ್ ಎಲ್ಲರಿಗೂ ರೂಢಿಯಾಗಿದೆ, ಅದನ್ನು ಕದಲಿಸುವ ಹುಚ್ಚು ನನಗಿಲ್ಲ. 'ಬೈಜಿಂಗ್' ಹೊಡೆದುಹಾಕಿದ್ದೇನೆ. 1949ಕ್ಕಿಂತ ಹಿಂದಿನ ಅಧ್ಯಾಯಗಳಲ್ಲಿ ಪೀಕಿಂಗ್ ಉಳಿಸಿದರೆ ಓದುಗರಿಗೆ ಗೊಂದಲ ಆಗುತ್ತದೆಯೇ? ಇನ್ನೂ ದೊಡ್ಡ ತಲೆನೋವು ಕೊನೆಯ ರಾಜವಂಶದ ಹೆಸರು. ಕರಡಿನಲ್ಲಿ 'ಕ್ವಿಂಗ್' ಅಂತಿದೆ, ಅದಂತೂ ಕಿವಿಗೆ ಕಲ್ಲು ಬಿದ್ದ ಹಾಗೆ. 'ಚಿಂಗ್' ಅಂತ ಬರೆದರೆ ಸಾಕೇ, 'ಛಿಂಗ್' ಬೇಕೇ? ಛಿ ಅಂತ ಶುರುವಾದರೆ ಓದುವವರು ನಗುತ್ತಾರೇನೋ ಅಂತ ಹಿಂಜರಿಕೆ.

ಹಳೆಯ ಕನ್ನಡ ಪತ್ರಿಕೆಗಳ ಸಂಗ್ರಹ ಇರುವವರು, 1911ರ ಕ್ರಾಂತಿಯ ಸುದ್ದಿಯಲ್ಲಿ ಈ ವಂಶದ ಹೆಸರನ್ನು ಹೇಗೆ ಅಚ್ಚು ಹಾಕಿದ್ದರು ಅಂತ ನೋಡಿ ಹೇಳಿದರೆ ತುಂಬಾ ಉಪಕಾರ. ಮುಂದಿನ ವಾರ ಕರಡು ವಾಪಸ್ ಕೊಡಬೇಕು.